ಹೋಗಲು ಏಳೂವರೆ, ಬರಲು ಒಂಬತ್ತು

ದೆಹಲಿಯಿಂದ ಟೋಕಿಯೊಗೆ ಹೋಗಿಬರುವ ಟಿಕೆಟ್ಟೊಂದು ನಿಮ್ಮ ಕೈಯಲ್ಲಿದೆ ಎಂದುಕೊಳ್ಳಿ. ಹೋಗುವ ವಿಮಾನ ರಾತ್ರಿ 8ಕ್ಕೆ ಹೊರಟು ಮರುದಿನ ಬೆಳಿಗ್ಗೆ 7ಕ್ಕೆ ತಲುಪುತ್ತದೆ. ಬರುವ ವಿಮಾನ ಬೆಳಿಗ್ಗೆ 11ಕ್ಕೆ ಹೊರಟು ಸಂಜೆ 4.30ಕ್ಕೆ ದೆಹಲಿಯಲ್ಲಿ ಇಳಿಯುತ್ತದೆ. ಬೆರಳು ಮಡಚಿ ಎಣಿಸಿದರೆ ಹೋಗಲು ಹನ್ನೊಂದು ಗಂಟೆ, ಬರಲು ಬರೀ ಐದೂವರೆ. ಮನೆಗೆ ಮರಳುವ ದಾರಿ ಅರ್ಧಕ್ಕರ್ಧ ಕಡಿಮೆಯಾಯಿತಲ್ಲ ಎಂದು ಯಾರಿಗಾದರೂ ಅನ್ನಿಸಬೇಕು.

ಟಿಕೆಟ್ಟಿನಲ್ಲಿ ಅಚ್ಚಾಗಿರುವುದು ಆಯಾ ಊರಿನ ಗಡಿಯಾರದ ಹೊತ್ತು. ಟೋಕಿಯೊದ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದಿದೆ. ಹನ್ನೊಂದರಲ್ಲಿ ಮೂರೂವರೆ ಕಳೆಯಿರಿ, ಏಳೂವರೆ ಉಳಿಯುತ್ತದೆ. ಐದೂವರೆಗೆ ಮೂರೂವರೆ ಕೂಡಿಸಿ, ಒಂಬತ್ತಾಗುತ್ತದೆ. ಅಲ್ಲಿಗೆ ಲೆಕ್ಕ ತಿರುವುಮುರುವಾಯಿತು: ಬೇಗ ಮುಗಿಯುವುದು ಹೋಗುವ ಪಯಣ, ತಡವಾಗುವುದು ಬರುವ ಪಯಣ. ಚಳಿಗಾಲದಲ್ಲಾದರೆ ಒಂಬತ್ತೂವರೆಯೂ ಆಗುವುದುಂಟು.

ಗಡಿಯಾರದ ಗಂಟು ಬಿಡಿಸಿದ್ದಾಯಿತು. ಈಗ ಉಳಿದಿರುವುದೇ ನಿಜವಾದ ಪ್ರಶ್ನೆ. ಊರುಗಳು ಅವೇ ಎರಡು, ವಿಮಾನ ಅದೇ, ಎಂಜಿನ್ನೂ ಅದೇ. ಬರುವಾಗ ಹೆಚ್ಚಾದ ಈ ಒಂದೂವರೆ ಗಂಟೆ ಎಲ್ಲಿಂದ ಬಂತು?

ಮೊದಲು ದೂರದಿಂದ ಶುರುಮಾಡೋಣ. ಏಷ್ಯಾದ ಎರಡು ನಗರಗಳ ನಡುವೆ ನೆಟ್ಟಗೆ ಗೆರೆ ಎಳೆದರೆ ಎಷ್ಟು ದೂರ ಎಂಬ ಪ್ರಶ್ನೆ ವಿಮಾನಕ್ಕಿಂತ ಒಂಬತ್ತು ನೂರು ವರ್ಷ ಹಳೆಯದು. 1025ರಲ್ಲಿ ಅಲ್-ಬಿರೂನಿ ಎಂಬ ವಿದ್ವಾಂಸ ಘಜ್ನಿಯಲ್ಲಿ ಕುಳಿತು ನಗರಗಳ ಸ್ಥಾನವನ್ನು ನಿರ್ಣಯಿಸುವ ಒಂದು ಗ್ರಂಥವನ್ನು ಮುಗಿಸಿದ. ಬಾಗ್ದಾದ್ ಮತ್ತು ಘಜ್ನಿಯ ರೇಖಾಂಶಗಳ ಅಂತರ ಎಷ್ಟೆಂದು ತಿಳಿಯುವುದು ಅದರ ಒಂದು ಮುಖ್ಯ ಕೆಲಸ. ಅವನ ಕೈಯಲ್ಲಿದ್ದದ್ದು ಒಂಟೆ ಸಾಲುಗಳು ನಡೆದ ದಾರಿಯ ಉದ್ದ, ಮತ್ತು ನಕ್ಷತ್ರ, ಸೂರ್ಯರಿಂದ ಅಳೆದ ಅಕ್ಷಾಂಶ. ದಾರಿ ಬೆಟ್ಟ ಬಳಸುತ್ತದೆ, ನೀರಿರುವ ಕಡೆಗೆ ಹೊರಳುತ್ತದೆ. ಆದ್ದರಿಂದ ದಾರಿಯ ಉದ್ದದಲ್ಲಿ ವಕ್ರತೆಗೆಂದು ಒಂದಿಷ್ಟು ಕಳೆದು, ಉಳಿದದ್ದನ್ನು ಗೋಳದ ಮೇಲಿನ ಕಂಸವೆಂದು ತಿಳಿದು, ಊರಿನಿಂದ ಊರಿಗೆ ಮೆಟ್ಟಿಲು ಮೆಟ್ಟಿಲಾಗಿ ಗಣಿಸುತ್ತಾ ಬಂದ. ಇಂದು ಕಂಪ್ಯೂಟರ್ ಮಾಡುವ ಗಣಿತವೂ ಗೋಳದ ತ್ರಿಕೋನಮಿತಿಯೇ. ಸಾವಿರ ವರ್ಷದ ಹಿಂದೆ, ಯಾರೂ ನೆಟ್ಟಗೆ ಹೋಗಲಾರದ ಕಾಲದಲ್ಲಿ, ನೆಟ್ಟಗೆ ಹೋದರೆ ಎಷ್ಟು ದೂರ ಎಂದು ಒಬ್ಬನಿಗೆ ತಿಳಿಯಬೇಕೆನ್ನಿಸಿತಲ್ಲ! ಆ ಕುತೂಹಲಕ್ಕೆ ನಾನು ಮನಸೋತಿದ್ದೇನೆ.

ಗೋಳದ ಮೇಲೆ ‘ನೆಟ್ಟಗೆ’ ಎಂದರೇನು? ಒಂದು ಮೂಸಂಬಿ ಹಣ್ಣಿಗೆ ಎರಡು ಗುಂಡುಸೂಜಿ ಚುಚ್ಚಿ, ನಡುವೆ ಹೂ ಕಟ್ಟುವ ದಾರವನ್ನು ಬಿಗಿಯಾಗಿ ಎಳೆಯಿರಿ. ಸಡಿಲವೆಲ್ಲ ಹೋದ ಮೇಲೆ ದಾರ ಎಲ್ಲಿ ಕೂರುತ್ತದೆಯೋ ಅದೇ ಅತಿ ಹತ್ತಿರದ ದಾರಿ. ಅದೇ ಜಾಡಿನಲ್ಲಿ ದಾರವನ್ನು ಮುಂದುವರಿಸಿ ಹಣ್ಣನ್ನು ಸುತ್ತಿದರೆ, ಹಣ್ಣು ಸರಿಯಾಗಿ ಎರಡು ಸಮ ಹೋಳಾಗುವ ವೃತ್ತ ಸಿಗುತ್ತದೆ. ಇದಕ್ಕೆ ಮಹಾವೃತ್ತ ಎಂದು ಹೆಸರು. ದೆಹಲಿಯ ಇಂದಿರಾ ಗಾಂಧಿ ನಿಲ್ದಾಣದಿಂದ ಟೋಕಿಯೊದ ಹನೇಡಾ ನಿಲ್ದಾಣಕ್ಕೆ ಇಂಥ ಗೆರೆ ಎಳೆದರೆ ಭೂಮಿಯ ಕೇಂದ್ರದಲ್ಲಿ ಅದು 52.7 ಡಿಗ್ರಿಯ ಕೋನ ಮಾಡುತ್ತದೆ. ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ. ಹಡಗು, ವಿಮಾನಗಳವರು ಇಂದಿಗೂ ಈ ಮೈಲಿಯನ್ನೇ ಹಿಡಿದುಕೊಂಡಿರುವುದು ಅದು ಕೋನದಿಂದ ನೇರವಾಗಿ ಹುಟ್ಟಿದ ಅಳತೆ ಎಂಬ ಕಾರಣಕ್ಕೆ. ಅಂದರೆ 3,160 ನಾಟಿಕಲ್ ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು 5,860 ಕಿಲೋಮೀಟರ್.

ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಈ ಗೆರೆ ವಿಚಿತ್ರವಾಗಿ ಕಾಣುತ್ತದೆ. ಟೋಕಿಯೊ ಇರುವುದು ಹೆಚ್ಚುಕಡಿಮೆ 35.5 ಡಿಗ್ರಿ ಅಕ್ಷಾಂಶದಲ್ಲಿ. ಗೆರೆಯಾದರೋ ದೆಹಲಿಯಿಂದ ಈಶಾನ್ಯಕ್ಕೆ ಏರುತ್ತಾ ಹೋಗಿ, ಚೀನಾದ ಶಾನ್‌ಡಾಂಗ್ ಪರ್ಯಾಯದ್ವೀಪದ ಬಳಿ 37 ಡಿಗ್ರಿ ದಾಟಿ, ದಕ್ಷಿಣ ಕೊರಿಯಾವನ್ನು ಹಾದು, ಆಮೇಲೆ ಕೆಳಗಿಳಿದು ಟೋಕಿಯೊ ಸೇರುತ್ತದೆ. ಭೂಪಟದಲ್ಲಿ ಅಡಿಕೋಲಿಟ್ಟು ಎಳೆದ ಗೆರೆಯ ಮೇಲೆ, ದಿಕ್ಸೂಚಿಯ ಒಂದೇ ಕೋನ ಹಿಡಿದು ಹಾರಿದರೆ 5,950 ಕಿಲೋಮೀಟರ್ ಆಗುತ್ತದೆ. ತೊಂಬತ್ತು ಕಿಲೋಮೀಟರ್ ನಷ್ಟ. ಇನ್ನೂ ಉತ್ತರದ, ಇನ್ನೂ ದೂರದ ಊರುಗಳಿಗೆ ಈ ನಷ್ಟ ನೂರಾರು ಕಿಲೋಮೀಟರಿಗೆ ಬೆಳೆಯುತ್ತದೆ.

ಹಾಗಾದರೆ ವಿಮಾನ ಈ 5,860ರ ದಾರಿ ಹಿಡಿಯುತ್ತದೆಯೇ? ಇಲ್ಲ. ಆ ಗೆರೆ ಎಲ್ಲೆಲ್ಲಿ ಹಾಯುತ್ತದೆ ಎಂದು ನೋಡಿದರೆ ಕಾರಣ ಹೊಳೆಯುತ್ತದೆ. ದೆಹಲಿ ಬಿಟ್ಟು ಅದು ಕುಮಾವುಂ ಬೆಟ್ಟಗಳನ್ನು ಏರುತ್ತದೆ, ನೇಪಾಳದ ವಾಯವ್ಯ ಮೂಲೆಯನ್ನು ಸವರುತ್ತದೆ, ಮಾನಸ ಸರೋವರದಿಂದ ಐವತ್ತು ಕಿಲೋಮೀಟರಿನೊಳಗೆ ಹಾದು ಟಿಬೆಟ್ಟಿನ ಪ್ರಸ್ಥಭೂಮಿಯ ಮೇಲೆ ಸಾವಿರ ಕಿಲೋಮೀಟರಿಗೂ ಮಿಕ್ಕಿ ಸಾಗುತ್ತದೆ. ವಿಮಾನ ಹಾರುವುದು 11 ಕಿಲೋಮೀಟರ್ ಎತ್ತರದಲ್ಲಿ, ಎವರೆಸ್ಟ್ ಇರುವುದು ಒಂಬತ್ತಕ್ಕೂ ಕಡಿಮೆ. ಬೆಟ್ಟಕ್ಕೆ ತಾಗುವ ಭಯವೇನೂ ಇಲ್ಲ. ಭಯವಿರುವುದು ಒಳಗಿನ ಗಾಳಿಯ ವಿಚಾರದಲ್ಲಿ.

ವಿಮಾನದೊಳಗಿನ ಒತ್ತಡ ಯಾವ ಕಾರಣಕ್ಕಾದರೂ ಸೋರಿಹೋಯಿತು ಎನ್ನಿ. ನೆತ್ತಿಯ ಮೇಲಿನಿಂದ ಹಳದಿ ಮುಖವಾಡಗಳು ಇಳಿಬೀಳುತ್ತವೆ. ಆಮ್ಲಜನಕ ಅಲ್ಲೇ ರಾಸಾಯನಿಕ ಕ್ರಿಯೆಯಿಂದ ಹುಟ್ಟುತ್ತದೆ. ಸಾಮಾನ್ಯವಾಗಿ ಅದು ಸಾಲುವುದು ಕಾಲು ಗಂಟೆಯ ಆಸುಪಾಸು ಮಾತ್ರ. ಅಷ್ಟರೊಳಗೆ ಪೈಲಟ್ ವಿಮಾನವನ್ನು 10,000 ಅಡಿಗೆ, ಅಂದರೆ ಮೂರು ಕಿಲೋಮೀಟರ್ ಎತ್ತರಕ್ಕೆ ಇಳಿಸಬೇಕು. ಅಲ್ಲಿ ಮನುಷ್ಯ ಮುಖವಾಡವಿಲ್ಲದೆ ಉಸಿರಾಡಬಲ್ಲ. ಸಮುದ್ರದ ಮೇಲೆ, ಗಂಗೆಯ ಬಯಲಿನ ಮೇಲೆ ಇದು ಕೆಲವೇ ನಿಮಿಷದ ಕೆಲಸ. ಟಿಬೆಟ್ಟಿನಲ್ಲಿ ಮಾತ್ರ ನೆಲವೇ ಸರಾಸರಿ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿದೆ. ಇಳಿಯಬೇಕಾದ ಎತ್ತರ ನೆಲದ ಕೆಳಗಿದೆ! ತಗ್ಗಿನ ನೆಲ ತಲುಪಲು ಒಂದು ಗಂಟೆಯೇ ಹಿಡಿಯಬಹುದು. ಒಂದು ಎಂಜಿನ್ ಕೆಟ್ಟರೂ ಇದೇ ಪಾಡು, ಒಂದೇ ಎಂಜಿನ್ನಿನಲ್ಲಿ ವಿಮಾನ ಅಷ್ಟು ಎತ್ತರವನ್ನು ಕಾಪಾಡಿಕೊಳ್ಳಲಾರದು. ಅವಸರಕ್ಕೆ ಇಳಿಯಲು ನಿಲ್ದಾಣಗಳೂ ವಿರಳ. ವಿಶೇಷ ಆಮ್ಲಜನಕ ವ್ಯವಸ್ಥೆಯುಳ್ಳ ವಿಮಾನಗಳು ಲಾಸಾಕ್ಕೆ ಹೋಗಿಬರುತ್ತವೆ. ಮಿಕ್ಕವು ಪ್ರಸ್ಥಭೂಮಿಯನ್ನು ಬಳಸಿಕೊಂಡು ಹೋಗುತ್ತವೆ.

ಆದ್ದರಿಂದ ದೆಹಲಿಯ ವಿಮಾನ ಹಿಮಾಲಯವನ್ನು ಎಡಕ್ಕೆ ಬಿಟ್ಟು ಗಂಗೆಯ ಬಯಲಿನ ಮೇಲೆ ಪೂರ್ವಕ್ಕೆ ಸಾಗುತ್ತದೆ. ಬಾಂಗ್ಲಾದೇಶ, ಮ್ಯಾನ್ಮಾರ್ ದಾಟಿ ಯುನ್ನಾನ್ ಪ್ರಾಂತ್ಯದ ಕುನ್ಮಿಂಗ್ ಕಡೆಯಿಂದ ಚೀನಾವನ್ನು ಹೊಗುತ್ತದೆ. ಎಡಗಡೆಯ ಕಿಟಕಿಯಲ್ಲಿ ಕುಳಿತವರಿಗೆ, ಹಗಲಾಗಿದ್ದರೆ, ಮೊದಲ ಎರಡು ಗಂಟೆ ಕಣ್ಣು ಕೀಳಲಾಗದ ನೋಟ. ಕೋಲ್ಕತ್ತ, ಕುನ್ಮಿಂಗ್‌ಗಳ ಮೇಲೆ ಗೆರೆ ಎಳೆದು ಟೋಕಿಯೊ ಮುಟ್ಟಿದರೆ ದೂರ ಸುಮಾರು 6,500 ಕಿಲೋಮೀಟರ್. ಮಹಾವೃತ್ತದ ದೂರಕ್ಕಿಂತ ನೂರಕ್ಕೆ ಹನ್ನೊಂದು ಹೆಚ್ಚು.

ಈ ಕುನ್ಮಿಂಗ್ ದಾರಿಗೆ ಒಂದು ನೋವಿನ ಇತಿಹಾಸವೂ ಇದೆ. ಎರಡನೇ ಮಹಾಯುದ್ಧದಲ್ಲಿ ಜಪಾನ್ ಬರ್ಮಾವನ್ನು ಹಿಡಿದಾಗ ಚೀನಾಕ್ಕೆ ಸಾಮಾನು ಸಾಗಿಸುವ ರಸ್ತೆ ಕಡಿದುಹೋಯಿತು. 1942ರಿಂದ 1945ರವರೆಗೆ ಅಸ್ಸಾಮಿನ ಚಹಾ ತೋಟಗಳ ನಡುವಿನ ಚಬುವಾ, ದಿಂಜಾನ್‌ನಂಥ ನಿಲ್ದಾಣಗಳಿಂದ ವಿಮಾನಗಳು ಪೂರ್ವ ಹಿಮಾಲಯದ ಏಣುಗಳನ್ನು ದಾಟಿ ಕುನ್ಮಿಂಗ್‌ಗೆ ಹಾರಿದವು. ಪೈಲಟ್‌ಗಳು ಆ ದಾರಿಯನ್ನು ‘ಹಂಪ್’ ಎಂದು ಕರೆದರು, ಗೂನು ಎಂಬ ಅರ್ಥದಲ್ಲಿ. ಸುಮಾರು ಆರೂವರೆ ಲಕ್ಷ ಟನ್ ಸಾಮಾನು ದಾಟಿತು, ನೂರಾರು ವಿಮಾನಗಳು ಆ ಕಾಡು ಬೆಟ್ಟಗಳಲ್ಲಿ ಉಳಿದುಹೋದವು. ದಿಢೀರನೆ ಎದ್ದು ವಿಮಾನವನ್ನು ದಾರಿಯಿಂದ ಪಕ್ಕಕ್ಕೆ ತಳ್ಳುತ್ತಿದ್ದ ಪಡುವಣ ಗಾಳಿಯ ವಿಷಯ ಆ ಪೈಲಟ್‌ಗಳಿಗೆ ಚೆನ್ನಾಗಿ ಗೊತ್ತಿತ್ತು. ಅದರ ಮೂಲ ಏನೆಂದು ಗೊತ್ತಿರಲಿಲ್ಲ.

ದೂರ ಗೊತ್ತಾಯಿತು. ದೊಡ್ಡ ಪ್ರಯಾಣಿಕ ವಿಮಾನ ಗಂಟೆಗೆ ಸುಮಾರು 900 ಕಿಲೋಮೀಟರ್ ಹೋಗುತ್ತದೆ. 6,500ನ್ನು ಭಾಗಿಸಿದರೆ ಏಳು ಗಂಟೆ ಹದಿಮೂರು ನಿಮಿಷ, ಹೋಗಲೂ ಅಷ್ಟೇ, ಬರಲೂ ಅಷ್ಟೇ. ಲೆಕ್ಕ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯದಿರುವುದಕ್ಕೆ ಕಾರಣ, ಈ 900 ಎಂಬುದು ನೆಲದ ಮೇಲಿನ ವೇಗ ಅಲ್ಲ ಎಂಬುದು. ವಿಮಾನಕ್ಕೆ ನೆಲದ ಪರಿಚಯವೇ ಇಲ್ಲ. ಅದರ ರೆಕ್ಕೆಗೆ, ಎಂಜಿನ್ನಿಗೆ ತಾಗುವುದು ಸುತ್ತಲಿನ ಗಾಳಿ, ಅದರ ವೇಗವೂ ಆ ಗಾಳಿಗೆ ಹೋಲಿಸಿದ ವೇಗ. ತುಂಬಿ ಹರಿಯುವ ತುಂಗಭದ್ರೆಯಲ್ಲಿ ದೋಣಿ ನಡೆಸುವವನನ್ನು ಕೇಳಿ. ಅವನ ರಟ್ಟೆಯ ಬಲ ಒಂದೇ, ಆದರೆ ಹೊಳೆಯ ಜೊತೆಗೆ ಹೋಗುವುದೇ ಬೇರೆ, ಹೊಳೆಗೆದುರಾಗಿ ಬರುವುದೇ ಬೇರೆ. ಗಾಳಿಯೇ ಒಂದು ಹೊಳೆಯಾಗಿ ಹರಿಯುತ್ತಿದ್ದರೆ ವಿಮಾನದ ಕಥೆಯೂ ಅಷ್ಟೇ.

ಚಳಿಗಾಲದ ಒಂದು ರಾತ್ರಿ ಪೂರ್ವಕ್ಕೆ ಹಾರುತ್ತಿದ್ದಾಗ ಎದುರಿನ ಪುಟ್ಟ ತೆರೆಯ ಮೇಲೆ ನೆಲದ ವೇಗ ಗಂಟೆಗೆ 1,100 ಕಿಲೋಮೀಟರ್ ದಾಟಿದ್ದನ್ನು ನಾನು ನೋಡಿದ್ದೇನೆ. ಆ ಎತ್ತರದ ಕೊರೆಯುವ ಚಳಿಯಲ್ಲಿ ಶಬ್ದದ ವೇಗ ಗಂಟೆಗೆ 1,060 ಕಿಲೋಮೀಟರ್. ಹಾಗಿದ್ದರೆ ನಾವು ಶಬ್ದವನ್ನು ಮೀರಿ ಹೋಗುತ್ತಿದ್ದೆವೇ? ಸುತ್ತಲಿನ ಗಾಳಿಯ ಮಟ್ಟಿಗೆ ವಿಮಾನ 900ರಲ್ಲೇ ಇತ್ತು. ಉಳಿದ 200, ಗಾಳಿ ತಾನೇ ಹೊತ್ತು ತಂದದ್ದು. ಪಕ್ಕದ ಸೀಟಿನ ಮಗು ನಿದ್ದೆಯಲ್ಲಿತ್ತು, ಲೋಟದ ನೀರು ಅಲುಗುತ್ತಿರಲಿಲ್ಲ. ಆ ಮಟ್ಟದ ಬಿರುಗಾಳಿ ನೆಲದ ಮೇಲೆ ಬೀಸಿದರೆ ಹೆಂಚು ಹಾರಿ, ತೆಂಗು ಉರುಳಿಬೀಳುತ್ತವೆ. ಅದರೊಳಗೇ ಕುಳಿತ ನಮಗೆ ಅದರ ಸುಳಿವೂ ಇರಲಿಲ್ಲ.

ಭೂಮಿಯೇ ಪೂರ್ವಕ್ಕೆ ತಿರುಗುತ್ತಿದೆಯಲ್ಲ, ಪಶ್ಚಿಮಕ್ಕೆ ಹಾರುವವರಿಗೆ ಊರು ತಾನಾಗಿ ಹತ್ತಿರ ಬರಬೇಡವೇ ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ದೆಹಲಿಯ ನೆಲ ಗಂಟೆಗೆ ಸುಮಾರು 1,460 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಸುತ್ತುತ್ತಿದೆ. ಅದರ ಮೇಲಿನ ಗಾಳಿಯೂ, ಗಾಳಿಯಲ್ಲಿರುವ ವಿಮಾನವೂ ನೆಲದ ಜೊತೆಗೇ ಸುತ್ತುತ್ತಿವೆ. ಓಡುವ ರೈಲಿನ ಡಬ್ಬಿಯೊಳಗೆ ಮೇಲಕ್ಕೆ ನೆಗೆದರೆ ನಾವು ನಿಂತಲ್ಲೇ ಬೀಳುತ್ತೇವೆ. ಆದರೂ ಭೂಮಿಯ ತಿರುಗುವಿಕೆಗೂ ನಮ್ಮ ಒಂದೂವರೆ ಗಂಟೆಗೂ ಸಂಬಂಧ ಇದೆ. ಮಕ್ಕಳು ಊಹಿಸಿದ್ದಕ್ಕೆ ಅದು ತದ್ವಿರುದ್ಧ ದಿಕ್ಕಿನಲ್ಲಿದೆ, ಅಷ್ಟೇ. ಅದಕ್ಕೆ ಬರುವ ಮುನ್ನ, ಆ ಗಾಳಿಯನ್ನು ಮೊದಲು ಅಳೆದವನನ್ನು ನೋಡಿಬರೋಣ.

ಟೋಕಿಯೊದ ಈಶಾನ್ಯಕ್ಕೆ, ಇಂದಿನ ತ್ಸುಕುಬಾ ನಗರದಲ್ಲಿ, ತಾತೆನೊ ಎಂಬ ಊರು. 1920ರಲ್ಲಿ ಅಲ್ಲಿ ಮೇಲಿನ ಗಾಳಿಯನ್ನು ಅಧ್ಯಯನ ಮಾಡುವ ವೀಕ್ಷಣಾಲಯ ಆರಂಭವಾಯಿತು. ಅದರ ನಿರ್ದೇಶಕ ಓಯಿಶಿ ವಸಾಬುರೊ. ಕೆಲಸ ಹೇಳಲು ಸರಳ, ಮಾಡಲು ತಾಳ್ಮೆಯದು. ಜಲಜನಕ ತುಂಬಿದ ರಬ್ಬರಿನ ಬಲೂನನ್ನು ಬಿಡುವುದು. ಅದು ಮೇಲೇರುವ ವೇಗ ಮೊದಲೇ ಗೊತ್ತಿರುತ್ತದೆ. ಸರ್ವೆಯವರು ಬಳಸುವ ಥಿಯೊಡೊಲೈಟಿನಲ್ಲಿ ಕಣ್ಣಿಟ್ಟು, ನಿಮಿಷ ನಿಮಿಷಕ್ಕೂ ಬಲೂನು ಯಾವ ಕೋನದಲ್ಲಿ ಕಾಣುತ್ತದೆ ಎಂದು ಬರೆದುಕೊಳ್ಳುವುದು. ಎತ್ತರವೂ ಕೋನವೂ ಸಿಕ್ಕರೆ ಬಲೂನು ಎಷ್ಟು ದೂರ ತೇಲಿಹೋಯಿತು, ಅಂದರೆ ಗಾಳಿ ಎಷ್ಟು ವೇಗವಾಗಿದೆ ಎಂದು ಕಾಗದದ ಮೇಲೆ ತೆಗೆಯಬಹುದು. ಮೋಡ ಬಂದರೆ ಆಟ ಮುಗಿಯಿತು. ಆದರೆ ಟೋಕಿಯೊ ಸುತ್ತಲಿನ ಬಯಲಿನಲ್ಲಿ ಚಳಿಗಾಲವೆಂದರೆ ಒಣ ಹವೆ, ತೊಳೆದಿಟ್ಟಂಥ ಆಕಾಶ. ಬಲೂನನ್ನು ಬಹಳ ಎತ್ತರದವರೆಗೆ ಕಣ್ಣಲ್ಲೇ ಹಿಂಬಾಲಿಸಬಹುದು.

1923ರಿಂದ 1925ರವರೆಗೆ ಓಯಿಶಿ ಮತ್ತು ಅವನ ಜೊತೆಗಾರರು ಸಾವಿರಕ್ಕೂ ಹೆಚ್ಚು ಸಲ ಹೀಗೆ ಗಾಳಿ ಅಳೆದರು. ಚಳಿಗಾಲದಲ್ಲಿ ಒಂಬತ್ತು ಕಿಲೋಮೀಟರ್ ಎತ್ತರದಲ್ಲಿ ಸಿಕ್ಕ ಸಂಖ್ಯೆ ನಂಬಲು ಕಷ್ಟವಾಗುವಂಥದ್ದು: ಸೆಕೆಂಡಿಗೆ 70 ಮೀಟರಿನ ಆಸುಪಾಸು, ಗಂಟೆಗೆ 250 ಕಿಲೋಮೀಟರ್, ಪಶ್ಚಿಮದಿಂದ ಪೂರ್ವಕ್ಕೆ. ಆ ಕಾಲದ ಬಹುಪಾಲು ವಿಮಾನಗಳು ಅಷ್ಟು ವೇಗವಾಗಿ ಹಾರುತ್ತಿರಲಿಲ್ಲ. ಓಯಿಶಿ ಇದನ್ನು ಲೋಕಕ್ಕೆಲ್ಲ ತಿಳಿಸಲು ಬಯಸಿದ. ಅವನು ಎಸ್ಪೆರಾಂತೊ ಭಾಷೆಯ ಉತ್ಕಟ ಅಭಿಮಾನಿ. ಎಲ್ಲ ದೇಶದವರೂ ಸಮಾನವಾಗಿ ಕಲಿಯಲೆಂದು ಕಟ್ಟಿದ ಭಾಷೆ ಅದು, ಯಾವ ಒಂದು ರಾಷ್ಟ್ರದ ಸ್ವತ್ತೂ ಅಲ್ಲ. 1926ರಲ್ಲಿ ವೀಕ್ಷಣಾಲಯದ ವರದಿಯನ್ನು ಆ ಭಾಷೆಯಲ್ಲೇ ಅಚ್ಚುಹಾಕಿಸಿದ. ಎಲ್ಲರೂ ಓದಲಿ ಎಂದು ಬರೆದದ್ದನ್ನು ಹೊರಗೆ ಓದಿದವರು ಬಹಳ ಕಡಿಮೆ. ಸಣ್ಣ ಭಾಷೆಯಲ್ಲಿ ವಿಜ್ಞಾನ ಬರೆಯುವ ಯಾರಿಗೂ ಈ ಕಥೆ ಎದೆಗೆ ತಾಗದೆ ಇರದು. ಮುಂದೆ 1939ರಲ್ಲಿ ಜರ್ಮನಿಯ ಹೈನ್ರಿಕ್ ಜೈಲ್ಕಾಫ್ ಇಂಥ ಗಾಳಿಗೆ ಚಿಮ್ಮುವ ಪ್ರವಾಹ ಎಂಬರ್ಥದ ಹೆಸರಿಟ್ಟ. ಅದೇ ಇಂದಿನ ‘ಜೆಟ್ ಸ್ಟ್ರೀಮ್’. ಜೆಟ್ ಎಂಜಿನ್ನಿಗೂ ಈ ಹೆಸರಿಗೂ ನಂಟಿಲ್ಲ.

ಓಯಿಶಿಯ ಗಾಳಿ ಮತ್ತೆ ಸುದ್ದಿಯಾದದ್ದು ಯುದ್ಧದಲ್ಲಿ. 1944ರ ನವೆಂಬರ್ 24ರಂದು ಸೈಪನ್ ದ್ವೀಪದಿಂದ 111 ಅಮೆರಿಕನ್ ಬಿ-29 ವಿಮಾನಗಳು ಟೋಕಿಯೊದ ಒಂದು ವಿಮಾನ ಕಾರ್ಖಾನೆಯ ಮೇಲೆ ಬಾಂಬು ಹಾಕಲು ಹೊರಟವು. ಒಂಬತ್ತು ಕಿಲೋಮೀಟರ್ ಎತ್ತರದಲ್ಲಿ ಗಾಳಿ ಅವುಗಳನ್ನು ಬೆನ್ನ ಹಿಂದಿನಿಂದ ನೂಕಿತು. ನೆಲದ ವೇಗ ಗಂಟೆಗೆ 700 ಕಿಲೋಮೀಟರ್ ಮುಟ್ಟಿ, ಗುರಿ ಹಿಡಿಯುವ ಯಂತ್ರಗಳು ತಬ್ಬಿಬ್ಬಾದವು. ಉದ್ದೇಶಿಸಿದ ಗುರಿಯ ಮೇಲೆ ಬಾಂಬು ಹಾಕಲಾದದ್ದು 24 ವಿಮಾನಗಳಿಗೆ ಮಾತ್ರ. ಎತ್ತರದಿಂದ ಗುರಿ ಸಿಗದ್ದು ಒಂದು ಕಾರಣವಾಗಿ, 1945ರ ಮಾರ್ಚ್ 9ರ ರಾತ್ರಿ ವಿಮಾನಗಳು ತಗ್ಗಿನಲ್ಲಿ ಹಾರಿಬಂದು ಬೆಂಕಿಬಾಂಬು ಸುರಿದವು. ಒಂದೇ ರಾತ್ರಿಯಲ್ಲಿ ಸುಮಾರು ಒಂದು ಲಕ್ಷ ಜನ ಸತ್ತರು.

ಅದೇ ಚಳಿಗಾಲದಲ್ಲಿ ಜಪಾನಿನ ಸೇನೆಯೂ ಆ ಗಾಳಿಯನ್ನು ಬಳಸಿಕೊಂಡಿತು. ಕೈಕಾಗದವನ್ನು ಪದರ ಪದರವಾಗಿ ಗೆಡ್ಡೆಯ ಅಂಟಿನಿಂದ ಅಂಟಿಸಿ, ಹತ್ತು ಮೀಟರ್ ಅಗಲದ ಬಲೂನುಗಳನ್ನು ಮಾಡಿಸಿ, ಅವಕ್ಕೆ ಬಾಂಬು ಕಟ್ಟಿ ಶಾಂತಸಾಗರದ ಮೇಲೆ ಬಿಟ್ಟಿತು. ಅವನ್ನು ಅಂಟಿಸಿದವರಲ್ಲಿ ಶಾಲೆಯ ಹುಡುಗಿಯರೂ ಇದ್ದರು. ಬಲೂನು ತಗ್ಗಿದಾಗ ಮರಳಿನ ಮೂಟೆ ತಾನೇ ಕಳಚಿಬೀಳುವಂತೆ ಯಂತ್ರವಿತ್ತು. 1944ರ ನವೆಂಬರಿನಿಂದ 1945ರ ಏಪ್ರಿಲ್‌ವರೆಗೆ ಒಂಬತ್ತು ಸಾವಿರಕ್ಕೂ ಹೆಚ್ಚು ಬಲೂನುಗಳು ಹೊರಟವು. ಉತ್ತರ ಅಮೆರಿಕದಲ್ಲಿ ಸಿಕ್ಕವು ಮುನ್ನೂರರಷ್ಟು. 1945ರ ಮೇ 5ರಂದು ಒರೆಗಾನ್ ರಾಜ್ಯದ ಕಾಡಿನಲ್ಲಿ, ನೆಲಕ್ಕೆ ಬಿದ್ದಿದ್ದ ಒಂದು ಸಿಡಿದು ಒಬ್ಬ ಗರ್ಭಿಣಿಯೂ ಐವರು ಮಕ್ಕಳೂ ತೀರಿಕೊಂಡರು. ತಾತೆನೊದ ಬಯಲಿನಲ್ಲಿ ಒಬ್ಬ ಮನುಷ್ಯ ಕಣ್ಣು ನೋಯಿಸಿಕೊಂಡು ಬರೆದಿಟ್ಟ ಅಂಕಿಗಳು ಇಷ್ಟು ದೂರ ಹೋದವು.

ಯುದ್ಧ ಮುಗಿದ ಮೇಲೆ ಅದೇ ಗಾಳಿ ಪ್ರಯಾಣಿಕರ ಪಾಲಿಗೆ ಒದಗಿತು. 1952ರ ನವೆಂಬರ್ 17ರಂದು ಪ್ಯಾನ್ ಅಮೆರಿಕನ್ ಸಂಸ್ಥೆಯ ಒಂದು ವಿಮಾನ ಟೋಕಿಯೊದಿಂದ ಹೊರಟು 25,000 ಅಡಿ ಎತ್ತರದಲ್ಲಿ ಬೇಕೆಂದೇ ಆ ಹೊಳೆಯೊಳಗೆ ಇಳಿಯಿತು. ಹೊನೊಲುಲುವಿಗೆ 18 ಗಂಟೆ ಹಿಡಿಯುತ್ತಿದ್ದ ಪಯಣ ಹನ್ನೊಂದೂವರೆ ಗಂಟೆಯಲ್ಲಿ ಮುಗಿಯಿತು. 1955ರಲ್ಲಿ ಏರ್ ಇಂಡಿಯಾ ಟೋಕಿಯೊಗೆ ಹಾರಲು ಆರಂಭಿಸಿದಾಗ ಅದರ ಪಂಖದ ವಿಮಾನಗಳು ಬ್ಯಾಂಕಾಕ್, ಹಾಂಗ್‌ಕಾಂಗ್‌ಗಳಲ್ಲಿ ಇಳಿದು ಏರಿ ಹೋಗುತ್ತಿದ್ದವು.

ಇನ್ನು ಈ ಗಾಳಿ ಹುಟ್ಟುವ ಬಗೆ. ಬಿಸಿ ಗಾಳಿ ಹಿಗ್ಗುತ್ತದೆ, ತಣ್ಣನೆಯ ಗಾಳಿ ಕುಗ್ಗುತ್ತದೆ. ಉಷ್ಣವಲಯದ ಮೇಲೆ ನಿಂತ ಗಾಳಿಯ ಕಂಬ ಹಿಗ್ಗಿ ಎತ್ತರವಾಗಿದೆ, ಸೈಬೀರಿಯಾದ ಮೇಲಿನ ಕಂಬ ಕುಗ್ಗಿ ಕುಳ್ಳಾಗಿದೆ ಎಂದುಕೊಳ್ಳಿ. ನೆಲದ ಮಟ್ಟದಲ್ಲಿ ಎರಡರ ಒತ್ತಡದಲ್ಲಿ ದೊಡ್ಡ ವ್ಯತ್ಯಾಸ ಇಲ್ಲದಿರಬಹುದು. ಹತ್ತು ಕಿಲೋಮೀಟರ್ ಮೇಲೆ ಹೋದರೆ ಎತ್ತರದ ಕಂಬದಲ್ಲಿ ನೆತ್ತಿಯ ಮೇಲೆ ಇನ್ನೂ ಬೇಕಾದಷ್ಟು ಗಾಳಿ ಉಳಿದಿರುತ್ತದೆ, ಕುಳ್ಳ ಕಂಬದಲ್ಲಿ ಹೆಚ್ಚು ಪಾಲು ಕೆಳಗೇ ಉಳಿದಿರುತ್ತದೆ. ಹಾಗಾಗಿ ಆ ಎತ್ತರದಲ್ಲಿ ತೆಂಕಣ ಒತ್ತಡ ಹೆಚ್ಚು, ಬಡಗಣ ಒತ್ತಡ ಕಡಿಮೆ. ಗಾಳಿ ಉತ್ತರಕ್ಕೆ ನುಗ್ಗಲು ಹೊರಡುತ್ತದೆ. ಹೊರಟ ಗಾಳಿಯನ್ನು ಭೂಮಿಯ ತಿರುಗುವಿಕೆ ಬಲಕ್ಕೆ ತಿರುಗಿಸುತ್ತದೆ, ಉತ್ತರಕ್ಕೆ ಹೊರಟದ್ದು ಪೂರ್ವಕ್ಕೆ ಹರಿಯುತ್ತದೆ. ಮಕ್ಕಳ ಪ್ರಶ್ನೆಗೆ ಬಾಕಿ ಉಳಿದಿದ್ದ ಉತ್ತರ ಇದೇ. ಭೂಮಿ ತಿರುಗದೆ ಇದ್ದಿದ್ದರೆ ಈ ಹೊಳೆಯೇ ಇರುತ್ತಿರಲಿಲ್ಲ. ತಿರುಗುವುದರಿಂದಲೇ ಪೂರ್ವಕ್ಕೆ ಹೋಗುವವನಿಗೆ ಲಾಭ.

ತಂಪಿನ ಏರುಪೇರು ಎಷ್ಟು ಕಡಿದೋ ಹೊಳೆ ಅಷ್ಟು ಬಿರುಸು. ಚಳಿಗಾಲದಲ್ಲಿ ಪೂರ್ವ ಏಷ್ಯಾದಷ್ಟು ಕಡಿದಾದ ಏರುಪೇರು ಭೂಮಿಯ ಮೇಲೆ ಬೇರೆಲ್ಲೂ ಸಿಗುವುದು ಕಷ್ಟ. ಒಂದು ಕಡೆ ಹೆಪ್ಪುಗಟ್ಟಿದ ಸೈಬೀರಿಯಾ, ಮಂಗೋಲಿಯಾ. ಇನ್ನೊಂದು ಕಡೆ ಉಷ್ಣವಲಯದಿಂದ ಬೆಚ್ಚನೆಯ ನೀರು ಹೊತ್ತು ತರುವ ಕುರೊಶಿಯೊ ಎಂಬ ಸಾಗರ ಪ್ರವಾಹ. ಸಾಲದ್ದಕ್ಕೆ ನಡುವೆ ಟಿಬೆಟ್. ಪಶ್ಚಿಮದಿಂದ ಬಂದ ಗಾಳಿ ಈ ಪ್ರಸ್ಥಭೂಮಿಗೆ ಎದುರಾಗಿ ಸೀಳಿಹೋಗುತ್ತದೆ. ಒಂದು ಕವಲು ಉತ್ತರಕ್ಕೆ ಬಳಸಿದರೆ ಇನ್ನೊಂದು ಹಿಮಾಲಯದ ತೆಂಕಣ ಅಂಚಿನಲ್ಲಿ, ಉತ್ತರ ಭಾರತದ ನೆತ್ತಿಯ ಮೇಲೆ ಹರಿಯುತ್ತದೆ. ಎರಡೂ ಮುಂದೆ ಕೂಡಿಕೊಂಡು ಜಪಾನಿನ ಮೇಲೆ ತುಂಬುಹೊಳೆಯಾಗುತ್ತವೆ, ಗಂಟೆಗೆ 300 ಕಿಲೋಮೀಟರ್ ಮೀರುವುದೂ ಉಂಟು. ನಮ್ಮ ವಿಮಾನಕ್ಕೆ ನೇರ ದಾರಿಯನ್ನು ಕೊಡದೆ ಆರುನೂರು ಕಿಲೋಮೀಟರ್ ಬಳಸುವಂತೆ ಮಾಡಿದ ಟಿಬೆಟ್ಟೇ, ಹೋಗುವಾಗ ಬೆನ್ನ ಹಿಂದೆ ಗಾಳಿ ಕೊಡುವುದರಲ್ಲೂ ಪಾಲುಗೊಂಡಿದೆ.

ಈಗ ಲೆಕ್ಕ ಕೂಡಿಸಬಹುದು. ಇಡೀ ದಾರಿಯ ಸರಾಸರಿ ಗಾಳಿ ಗಂಟೆಗೆ 90 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ, ಹೊಳೆಯ ನಡುವೆ ಹೆಚ್ಚು, ಅಂಚಿನಲ್ಲಿ ಕಡಿಮೆ. ಹೋಗುವಾಗ ನೆಲದ ವೇಗ 990. 6,500 ಕಿಲೋಮೀಟರಿಗೆ ಆರು ಗಂಟೆ 34 ನಿಮಿಷ. ಬರುವಾಗ 810, ಎಂಟು ಗಂಟೆ ಒಂದು ನಿಮಿಷ. ರನ್‌ವೇವರೆಗೆ ತೆವಳುವುದು, ಏರುವುದು, ಇಳಿಯುವ ಮುನ್ನ ಸರದಿ ಕಾಯುವುದು ಎಂದು ಎರಡು ಕಡೆಗೂ ಐವತ್ತೈದು ನಿಮಿಷ ಸೇರಿಸಿ. ಏಳೂವರೆ ಮತ್ತು ಒಂಬತ್ತು. ಟಿಕೆಟ್ಟಿನ ಎರಡೂ ಸಂಖ್ಯೆ ಸಿಕ್ಕವು.

ಇದರಲ್ಲಿ ಇನ್ನೊಂದು ಸೂಕ್ಷ್ಮ ಅಡಗಿದೆ. ಹೋಗುವಾಗ ಗಾಳಿ ಕೊಟ್ಟದ್ದೂ ಬರುವಾಗ ಕಿತ್ತುಕೊಂಡದ್ದೂ ಸರಿಸಮ ಎಂದು ತೋರುತ್ತದೆ. ಕೂಡಿ ನೋಡಿ: ಗಾಳಿಯೇ ಇಲ್ಲದಿದ್ದರೆ ಹಾರಾಟಕ್ಕೆ ಎರಡೂ ಸೇರಿ 14 ಗಂಟೆ 26 ನಿಮಿಷ, ಗಾಳಿಯಿದ್ದರೆ 14 ಗಂಟೆ 35 ನಿಮಿಷ. ಒಂಬತ್ತು ನಿಮಿಷ ನಷ್ಟ. ಗಾಳಿ ಸಹಾಯ ಮಾಡುವಾಗ ಪಯಣ ಬೇಗ ಮುಗಿಯುವುದರಿಂದ ಆ ಸಹಾಯ ಸಿಗುವ ಹೊತ್ತೂ ಕಡಿಮೆ. ಎದುರಾದಾಗ ಪಯಣ ನಿಧಾನ, ಆ ಕಷ್ಟದಲ್ಲಿ ಕಳೆಯುವ ಹೊತ್ತೂ ಹೆಚ್ಚು. ದೋಣಿಯವನಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಬೋಯಿಂಗ್ 787ರಂಥ ವಿಮಾನ ಗಂಟೆಗೆ ಸುಮಾರು ಐದು ಟನ್ ಇಂಧನ ಉರಿಸುತ್ತದೆ. ಟೋಕಿಯೊದಿಂದ ಹೊರಡುವಾಗ ಆ ಒಂದೂವರೆ ಗಂಟೆಗೆಂದೇ ಏಳೆಂಟು ಟನ್ ಹೆಚ್ಚು ತುಂಬಿಸಿಕೊಳ್ಳಬೇಕು.

ಗಾಳಿಯ ಹೊಳೆಯನ್ನು ತಪ್ಪಿಸಿ ಬರಲಾಗದೇ? ಸಾಗರಗಳ ಮೇಲೆ ಹಾಗೆಯೇ ಮಾಡುತ್ತಾರೆ. ಎದುರುಗಾಳಿಯಿಂದ ದೂರ ಸರಿದು, ಬೆನ್ನಗಾಳಿ ಸಿಗುವ ಕಡೆಗೆ ಹೊರಳಿ, ಉದ್ದದ ದಾರಿಯಲ್ಲಿ ಬೇಗ ತಲುಪುವುದುಂಟು. ಚೀನಾದ ಆಕಾಶದಲ್ಲಿ ಆ ಸ್ವಾತಂತ್ರ್ಯ ಕಡಿಮೆ. ಅಲ್ಲಿ ನಾಗರಿಕ ವಿಮಾನಗಳಿಗೆ ಬಿಟ್ಟುಕೊಟ್ಟ ಹಾದಿಗಳು ಇಕ್ಕಟ್ಟು, ಹೆಚ್ಚಿನ ಭಾಗ ಸೇನೆಯ ಹಿಡಿತದಲ್ಲಿದೆ. ಎತ್ತರವನ್ನೂ ಮನಸ್ಸಿಗೆ ಬಂದಂತೆ ಆರಿಸಿಕೊಳ್ಳುವ ಹಾಗಿಲ್ಲ. ಪೂರ್ವಕ್ಕೆ ಹೋಗುವವರಿಗೆ 35, 37, 39 ಸಾವಿರ ಅಡಿ, ಪಶ್ಚಿಮಕ್ಕೆ ಬರುವವರಿಗೆ 36, 38, 40 ಸಾವಿರ ಅಡಿ ಎಂಬುದು ವಾಡಿಕೆಯ ನಿಯಮ, ಎದುರುಬದುರಾಗದಿರಲಿ ಎಂದು. ಚೀನಾ ತನ್ನ ಎತ್ತರಗಳನ್ನು ಮೀಟರಿನಲ್ಲಿ ಎಣಿಸುತ್ತದೆ. ಆದ್ದರಿಂದ ಗಡಿ ದಾಟುವಾಗ ಪೈಲಟ್ ಅಡಿಯಿಂದ ಮೀಟರಿಗೆ, ಜಪಾನಿನ ಕಡೆ ಮತ್ತೆ ಮೀಟರಿನಿಂದ ಅಡಿಗೆ ಬದಲಾಯಿಸಿಕೊಳ್ಳುತ್ತಾನೆ.

ಈ ಹೊಳೆ ವರ್ಷವಿಡೀ ಒಂದೇ ಪಾತ್ರದಲ್ಲಿ ಹರಿಯುವುದಿಲ್ಲ. ಇಲ್ಲಿಂದ ಮುಂದಿನದು ನಮ್ಮ ಹೊಲಗದ್ದೆಗಳಿಗೂ ಸೇರಿದ ಸಂಗತಿ. ಚಳಿಗಾಲವೆಲ್ಲ ಹಿಮಾಲಯದ ತೆಂಕಣ ಅಂಚಿನಲ್ಲಿ ಹರಿಯುವ ಆ ಕವಲು ಮೇ ತಿಂಗಳ ಕೊನೆಗೆ ಸೊರಗತೊಡಗುತ್ತದೆ. ಸೂರ್ಯ ಟಿಬೆಟ್ಟಿನ ಎತ್ತರದ ನೆಲವನ್ನು ಕಾಯಿಸಿದಂತೆಲ್ಲ, ತಂಪಿನ ಏರುಪೇರು ಉತ್ತರಕ್ಕೆ ಸರಿದಂತೆಲ್ಲ, ಹೊಳೆಯೇ ಪ್ರಸ್ಥಭೂಮಿಯ ಆಚೆಗೆ ಎದ್ದು ಹೋಗುತ್ತದೆ. ಭಾರತದಲ್ಲಿ ಮುಂಗಾರು ಕಾಲೂರುವುದೂ ಸರಿಸುಮಾರು ಅದೇ ಹೊತ್ತಿಗೆ. ಈ ಎರಡರ ನಂಟನ್ನು 1949ರಲ್ಲಿ ಯಿನ್ ಎಂಬ ಹವಾಮಾನ ವಿಜ್ಞಾನಿ ತನ್ನ ಪ್ರಬಂಧದಲ್ಲಿ ತೋರಿಸಿದ. ಹಾಗಾಗಿ ಜುಲೈ, ಆಗಸ್ಟಿನಲ್ಲಿ ಟೋಕಿಯೊದಿಂದ ಬರುವವರಿಗೆ ಎದುರುಗಾಳಿ ಅಷ್ಟಾಗಿ ಕಾಡುವುದಿಲ್ಲ, ಹೋಗುವ ಬರುವ ಹೊತ್ತಿನ ಅಂತರ ಕುಗ್ಗುತ್ತದೆ. ವಿಮಾನ ಸಂಸ್ಥೆಗಳು ಚಳಿಗಾಲಕ್ಕೊಂದು, ಬೇಸಿಗೆಗೊಂದು ವೇಳಾಪಟ್ಟಿ ಮಾಡುವಾಗ ಇಂಥ ಗಾಳಿಯೂ ಲೆಕ್ಕಕ್ಕೆ ಬರುತ್ತದೆ.

ಆ ಹೊಳೆ ಎದ್ದುಹೋದ ಮೇಲೆ ದಕ್ಷಿಣದಲ್ಲಿ ಇನ್ನೊಂದು ಹುಟ್ಟುತ್ತದೆ, ತದ್ವಿರುದ್ಧ ದಿಕ್ಕಿನದು. 1958ರಲ್ಲಿ ಭಾರತೀಯ ಹವಾಮಾನ ಇಲಾಖೆಯ ಪಿ. ಕೋಟೇಶ್ವರಂ ಅದನ್ನು ವಿವರಿಸಿ ಬರೆದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, 14ರಿಂದ 16 ಕಿಲೋಮೀಟರ್ ಎತ್ತರದಲ್ಲಿ, ದಕ್ಷಿಣ ಭಾರತದ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಜೆಟ್ ಅದು. ಈ ಕಾಲದಲ್ಲಿ ತೆಂಕಣದ ಸಾಗರಕ್ಕಿಂತ ಬಡಗಣ ಟಿಬೆಟ್ಟಿನ ಮೇಲಿನ ಗಾಳಿಯೇ ಹೆಚ್ಚು ಬಿಸಿ. ಗಾಳಿಯ ಕಂಬಗಳ ಎತ್ತರ ಅದಲುಬದಲಾಗಿ, ಹೊಳೆಯ ದಿಕ್ಕೂ ತಿರುಗಿತು. ಆಗುಂಬೆಯಲ್ಲಿ ನಿಂತಾಗ ಮುಖಕ್ಕೆ ರಾಚುವ ಮಳೆಗಾಳಿ ಬರುವುದು ಪಡುವಣ ಕಡಲಿನಿಂದ. ಮೋಡದ ರಾಶಿಯ ಆಚೆ, ಬಹಳ ಮೇಲೆ, ಗಾಳಿ ಅದೇ ಕಡಲಿನ ಕಡೆಗೆ ಹಿಂದಿರುಗಿ ಹೋಗುತ್ತಿರುತ್ತದೆ. ಮಳೆ ಬಿಡುವು ಕೊಟ್ಟಾಗ ಎಳೆ ಎಳೆಯಾದ ಎತ್ತರದ ಮೋಡಗಳು ಪೂರ್ವದಿಂದ ಪಶ್ಚಿಮಕ್ಕೆ ತೇಲುವುದನ್ನು ಬರಿಗಣ್ಣಿನಲ್ಲೇ ನೋಡಬಹುದು.

ತಾತೆನೊದಲ್ಲಿ ಬಲೂನು ಬಿಡುವ ಕೆಲಸ ಇಂದಿಗೂ ನಿಂತಿಲ್ಲ. ಈಗ ಬಲೂನಿನ ಕೆಳಗೆ ಒಂದು ಪುಟ್ಟ ಪೆಟ್ಟಿಗೆ ತೂಗುತ್ತದೆ, ತಾಪ, ತೇವ, ಒತ್ತಡ, ಗಾಳಿ ಎಲ್ಲವನ್ನೂ ರೇಡಿಯೊ ಮೂಲಕ ಕೆಳಗೆ ಕಳಿಸುತ್ತದೆ. ಲೋಕದ ನೂರಾರು ಕೇಂದ್ರಗಳು ಒಂದೇ ಹೊತ್ತಿನ ಗಾಳಿಯನ್ನು ಅಳೆಯುವುದೆಂದು ದೇಶಗಳೆಲ್ಲ ಒಪ್ಪಿಕೊಂಡಿವೆ. ಬೆಳಗಿನ ಆ ಹೊತ್ತು ತಾತೆನೊದ ಗಡಿಯಾರದಲ್ಲಿ 9 ಗಂಟೆ. ದೆಹಲಿಯ ಗಡಿಯಾರದಲ್ಲಿ, ಟಿಕೆಟ್ಟಿನಲ್ಲಿ ನಮ್ಮನ್ನು ಗೊಂದಲಕ್ಕೆ ಕೆಡವಿದ ಅದೇ ಮೂರೂವರೆ ಗಂಟೆ ಹಿಂದೆ, ಮುಂಜಾನೆ 5.30. ದೆಹಲಿಯಲ್ಲೂ, ಬೆಂಗಳೂರಿನಲ್ಲೂ, ಮಂಗಳೂರಿನ ಪಣಂಬೂರಿನಲ್ಲೂ ಹವಾಮಾನ ಇಲಾಖೆಯವರು ಅದೇ ಹೊತ್ತಿಗೆಂದು ಬಲೂನು ಬಿಟ್ಟಿರುತ್ತಾರೆ. ಆ ಅಂಕಿಗಳು ಕಂಪ್ಯೂಟರುಗಳಿಗೆ ಸೇರಿ ಮಧ್ಯಾಹ್ನದೊಳಗೆ ಗಾಳಿಯ ನಕ್ಷೆಯಾಗುತ್ತವೆ. ರಾತ್ರಿ 8ಕ್ಕೆ ಟೋಕಿಯೊಗೆ ಹೊರಡುವ ವಿಮಾನಕ್ಕೆ ಎಷ್ಟು ಟನ್ ಇಂಧನ ತುಂಬಬೇಕೆಂದು ಬರೆಯುವವರು ಆ ನಕ್ಷೆಯನ್ನು ಮುಂದಿಟ್ಟುಕೊಂಡು ಕೂರುತ್ತಾರೆ.